ಬೆಚ್ಚಗಿದ್ದ ಡಬ್ಬಿ

ಹಿಂದಿನ ಕಾರು ನನ್ನ ಬೈಕಿಗೆ ತಾಗಿತು.

ತಪ್ಪಿ ಅಲ್ಲ... ಕೆಡವಲಿಕ್ಕೆ.

ಕೃಷ್ಣಾ ನದಿ ದಾಟಿದ್ದೇ ಕಬ್ಬಿನ ನಡುವಿನ ಕಾಲುದಾರಿಗೆ ನುಗ್ಗಿದೆ. ಕಾರು ಹೊರಗೇ ಉಳಿಯಿತು. ಎದೆಗೆ ಕಟ್ಟಿದ್ದ ಡಬ್ಬಿ ಅಲುಗಲಿಲ್ಲ.

ನನ್ನ ದಂಧೆಯೇ ಇದು. ಯಾರೂ ಒಯ್ಯದ ಮಾಲು ಒಯ್ಯುವುದು. ಚಿಕ್ಕೋಡಿ ಕೋರ್ಟಿನ ಮುಂದೆ ಮಾಳಸಿದ್ದ ಯಾರು ಅಂತ ಕೇಳಿ ನೋಡಿ.

ಡಬ್ಬಿ ಹೀನಾಳದು. ಚಿಕ್ಕೋಡಿಯ ಲ್ಯಾಬ್‌ನ ಹುಡುಗಿ. ಒಳಗಿದ್ದದ್ದು ಅವಳ ಅಕ್ಕ ತಸ್ಲೀಮಳ ಲಿವರ್ ಕೋಶಗಳು. ವಿರುಪಾಕ್ಷಪ್ಪನ ಕಂಪನಿ ಮಾರುವ ಮಂಡಿನೋವಿನ ಟಾನಿಕ್ ಕುಡಿದು ತಸ್ಲೀಮ ಸತ್ತಿದ್ದಳು. ಆಪರೇಷನ್‌ನಲ್ಲಿ ತೆಗೆದ ಚೂರಿನಿಂದ ಹೀನಾ ಇವನ್ನು ಬೆಳೆಸಿದ್ದಳು. ಡಬ್ಬಿ ಕೊಡುವಾಗ ಅವಳೇ ಬಿಡಿಸಿ ಹೇಳಿದ್ದಳು.

"ಚಪ್ಪಟಿ ಪ್ಲೇಟ್‌ನ್ಯಾಗ ಇವು ತಮ್ಮ ಕೆಲಸಾನ ಮರೀತಾವ್ರಿ, ಅಣ್ಣಾ. ಟಾನಿಕ್ ಹಾಕಿದ್ರೂ ಏನೂ ಆಗಂಗಿಲ್ಲ. ವಿರುಪಾಕ್ಷಪ್ಪ ಅದನ್ನ ತೋರ್ಸೇ ಸರ್ಕಾರದ ಪರೀಕ್ಷಾದಾಗ ಪಾಸಾಗ್ಯಾನ. ಜೆಲ್‌ನ್ಯಾಗ ಗುಂಡಗ ಬೆಳಿಸಿದ್ರ ಮೈಯಾಗಿನ ಲಿವರ್ ಹಂಗ ದುಡೀತಾವ. ಟಾನಿಕ್ ಅರಗಿಸಾಕ ಹೋಗಿ ವಿಷಾ ಮಾಡ್ಕೊಂಡು ಸಾಯ್ತಾವ. ನಮ್ಮ ತಸ್ಲೀಮ ಆಪಾ ಸತ್ತಂಗ."

ಮಿರಜದ ಲ್ಯಾಬಿನವರು ಅದನ್ನು ಕಣ್ಣಾರೆ ನೋಡಬೇಕಿತ್ತು. ಉಳಿದಿದ್ದು ಇದೊಂದೇ ಡಬ್ಬಿ. ಬೇರೆಯವನ್ನೆಲ್ಲ ವಿರುಪಾಕ್ಷಪ್ಪನ ಬಂಟ ಈಶ್ವರ ಒಡೆದು ಹಾಕಿದ್ದ.

"ಒಳಗ ಜೀವ ಐತ್ರಿ. ಮುಚ್ಚಳಾ ತೆಗೀಬ್ಯಾಡ್ರಿ."

"ನನಗ ಹೇಳಬೇಕೇನವ್ವಾ?"

ಈಶ್ವರನ ಕಣ್ಣು ತಪ್ಪಿಸಲು ಅವಳು ಬರಿಗೈಯಲ್ಲಿ ಮಿರಜದ ಬಸ್ ಹಿಡಿದಳು.

ಕಬ್ಬಿನೊಳಗೆ ಡಬ್ಬಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ನಾನು ಐಗಳಿಯ ದ್ರಾಕ್ಷಿ ತೋಟದಲ್ಲಿ ಬೆಳೆದವನು. ನಮ್ಮಲ್ಲಿ ಬಿಸಿಯಾದ ಮಾಲು ಅಂದರೆ ಕೆಟ್ಟ ಮಾಲು.

ಐನಾಪುರಕ್ಕೆ ಓಡಿಸಿದೆ. ಗೆಳೆಯ ನಾಮದೇವನ ಕೋಲ್ಡ್ ಸ್ಟೋರೇಜ್‌ಗೆ.

"ಕಾಯ ರೇ ಮಾಳ್ಯಾ, ಏನ್ ತಂದಿ?"

"ಲಿವರ್."

"ಮಸಾಲಿ ಅರಿಸಲೇನು?"

"ಐಸ್ ತಾ. ಲಗೂ."

ಥಂಡಿ ಕೋಣೆಯೊಳಗೇ ಮುಚ್ಚಳ ತೆಗೆದೆ. ಒಳಗಿನ ನೀರಿನ ಪ್ಯಾಕುಗಳು ಬೆಚ್ಚಗಿದ್ದವು. ಐಸ್ ಕರಗಿದೆ ಅಂದುಕೊಂಡು ಅವನ್ನು ಕಿತ್ತು ನೆಲಕ್ಕೆಸೆದೆ. ಐಸ್ ತುಂಬಿ ಬಿಗಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಈಶ್ವರ; ಹೊರಗೆ ಅದೇ ಕಾರು. ಕೈಯಲ್ಲಿ ರಾಡು.

"ಡಬ್ಬಿ ಕೊಡಪಾ. ಕೈಕಾಲು ನೀನ ಇಟ್ಕೊ."

"ಒಳಗ ಬಾ. ತಗೊ."

ಬಂದ. ರಾಡು ಬೀಸಿದ. ಡಬ್ಬಿ ಅವುಚಿಕೊಂಡು ಬಗ್ಗಿ ಹೊರಗೆ ಜಿಗಿದೆ. ಹೊರಗಿದ್ದ ನಾಮದೇವ ಬಾಗಿಲು ಎಳೆದು ಚಿಲಕ ಹಾಕಿದ.

"ಸತ್ತಗಿತ್ತ ಹೋದಾನಲೇ..." ಅಂದ ನಾಮದೇವ.

"ಸ್ವಲ್ಪ ಹೊತ್ತಿಗೆ ಬಾಗಿಲಾ ತೆಗಿ. ಥಂಡಿಗೆ ಯಾರ ಸಾಯ್ತಾರ?"

ಮಿರಜದಲ್ಲಿ ಡಬ್ಬಿಯನ್ನು ಹೀನಾಳ ಮುಂದಿಟ್ಟು ಎದೆಯುಬ್ಬಿಸಿ ನಿಂತೆ. ಅವಳು ಮುಟ್ಟಿದಳು. ಕೈ ಹಿಂದೆಗೆದಳು.

"ಇದ್ಯಾಕ ತಣ್ಣಗೈತ್ರಿ?"

"ಐಸ್ ತುಂಬೀನವ್ವಾ. ಕೆಡಬಾರದಲ್ಲ?"

ಡಬ್ಬಿಯೊಳಗಿನ ಪ್ಲೇಟನ್ನು ಬೆಳಕಿಗೆ ಹಿಡಿದು ವಾಲಿಸಿದಳು. ಜೆಲ್ ನೀರಾಗಿ ಹರಿಯಿತು. ತಳದಲ್ಲಿ ಬೂದುಬಣ್ಣದ ಪುಡಿ.

"ಮೈಯಷ್ಟು ಬೆಚ್ಚಗ ಇರಬೇಕಿತ್ರಿ. ಥಂಡಿಗೆ ಈ ಜೆಲ್ ಕರಗಿ ಕೋಶ ಸಾಯ್ತಾವ," ಅಂದಳು. ಬೈಯಲಿಲ್ಲ. ಅಳಲಿಲ್ಲ. ಮುಚ್ಚಳ ಹಾಕಿದಳು. "ಚಾ ಕುಡ್ದು ಹೋಗ್ರಿ, ಅಣ್ಣಾ. ದೂರಿಂದ ಬಂದೀರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಾ ಹಾಗೇ ಬಿಟ್ಟು ಹೊರಗೆ ಬಂದೆ.

ಫೋನ್ ಬಡಿದುಕೊಂಡಿತು. ಈಶ್ವರ. ಹಲ್ಲು ಇನ್ನೂ ಕಟಕಟ ಅನ್ನುತ್ತಿದ್ದವು... ನಗುತ್ತಿದ್ದ.

"ಬಿಸಿ ಪ್ಯಾಕು ಇಲ್ಲೇ ಬಿದ್ದಾವಲ್ಲೋ ಮಾಳಸಿದ್ದ. ನಾಳಿಂದ ನಮ್ಮ ಕಡೆ ಬಂದುಬಿಡಪಾ. ನಾವು ಬರೇ ಒಡೀತೀವಿ. ನಿನ್ನಂಗ ಚೊಕ್ಕ ಕೆಲಸಾ ನಮಗ ಬರೂದಿಲ್ಲ."