ಅಪ್ಪನ ಎರಡು ಸುತ್ತು

ಇದು ನಡೆದದ್ದು ಹಾಡಹಗಲಿನಲ್ಲಿ. ಅಪ್ಪ ತೀರಿಹೋದ ಮೇಲೆ ಅವರ ಮೋಟಾರ್ ರಿವೈಂಡಿಂಗ್ ಅಂಗಡಿಯನ್ನು ನಾನೂ ಅಕ್ಕನೂ ನಡೆಸುತ್ತಿದ್ದೇವೆ. ತಂತಿ ಸುತ್ತಲು ಅವರು ತಿರುಗಿಸುತ್ತಿದ್ದ ಕೈಯಂತ್ರಕ್ಕೆ ಸೆನ್ಸರ್ ಕೂರಿಸಿ, ಎಣಿಸುವ ಕೆಲಸವನ್ನು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್ಪಿನ ಟೈಮರಿಗೆ ಒಪ್ಪಿಸಿದೆ. ಪರದೆಯಲ್ಲಿ ನೂರು ಕಂಡೊಡನೆ ನಿಲ್ಲಿಸುತ್ತಿದ್ದೆ. ನೀರು ಕುಡಿದು ಬರುವಷ್ಟರಲ್ಲಿ ಅದು ನೂರೆರಡಾಗಿರುತ್ತಿತ್ತು. ಯಂತ್ರ ತಿರುಗದೆಯೇ ಸೆನ್ಸರಿನಿಂದ ಸುಳ್ಳು ಪಲ್ಸ್ ಬರುತ್ತಿದೆ ಎಂದುಕೊಂಡು, ಅದನ್ನು ತಡೆಯಲು ಕೆಪಾಸಿಟರ್ ಹಾಕಿದೆ, ಟೈಮರಿನ ಫಿಲ್ಟರ್ ಹೆಚ್ಚಿಸಿದೆ. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಎಣಿಕೆ ತಪ್ಪಿ ಮೋಟಾರು ಸುಟ್ಟರೆ ಅಪ್ಪ ಗಳಿಸಿದ ಹೆಸರು ಮಣ್ಣುಪಾಲು.

ಅಕ್ಕ ನಕ್ಕಳು. "ಅಪ್ಪನ ಥರಾನೇ ಕಣೋ ಇದು. ಲೆಕ್ಕ ಮುಗಿದ್ಮೇಲೂ ಎರಡು ಸುತ್ತು ಹಾಕೋರು, ಬೆಸುಗೆ ಹಾಕುವಾಗ ತಂತಿ ಸಾಲದೆ ಹೋದ್ರೆ ಅಂತ."

ನನಗೂ ನಗು ಬಂತು. ವಾರ್ನಿಷ್ ವಾಸನೆಯ ಅವರ ಅಂಗಿ ನೆನಪಾಯಿತು.

ಮರುದಿನ ಸೆನ್ಸರನ್ನೇ ಕಿತ್ತಿಟ್ಟು, ಬಾಯಲ್ಲೇ ಎಣಿಸುತ್ತ ಯಂತ್ರದ ಅಚ್ಚಿನ ಮೇಲೆ ನೂರು ಸುತ್ತು ಸುತ್ತಿ, ತಂತಿ ಕತ್ತರಿಸಿ, ಅಕ್ಕನೊಂದಿಗೆ ಬಾಗಿಲ ಬಿಸಿಲಿನಲ್ಲಿ ನಿಂತೆ. ಒಳಗೆ ಯಾರೂ ಇರಲಿಲ್ಲ. ಮರಳಿ ಬಂದಾಗ ಯಂತ್ರದ ಕಬ್ಬಿಣದ ಹಿಡಿ, ಯಾರೋ ಈಗಷ್ಟೇ ಕೈ ತೆಗೆದಂತೆ ಬೆಚ್ಚಗಿತ್ತು. ಇಬ್ಬರೂ ಎಣಿಸುತ್ತ ಕಾಯಿಲ್ ಬಿಚ್ಚಿದೆವು. ನೂರು ಮುಗಿಯಿತು. ಅಚ್ಚಿನ ಮೇಲೆ ಇನ್ನೂ ಎರಡು ಸುತ್ತು ತಂತಿ ಉಳಿದಿತ್ತು.