ಗಡಿಯಾರದ ಕೆಳಗೆ ನಿಂತವನು

ಒಂದಾನೊಂದು ಕಾಲದಲ್ಲಿ ಒಬ್ಬ ರಾಜ ತನ್ನ ಕೋಟೆಬಾಗಿಲಿಗೆ ಹೆದರಿಕೆಯನ್ನೇ ಕಾವಲಿಗಿಟ್ಟನಂತೆ. ಸಂಬಳ ಕೇಳದು, ನಿದ್ದೆ ಮಾಡದು, ಇಂಥ ಕಾವಲು ಇನ್ನೆಲ್ಲಿ ಸಿಕ್ಕೀತು? ಗುರುತಿಲ್ಲದವರು ಕಂಡರೆ ಸಾಕು, ಹೆದರಿಕೆ ಊರು ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಬೊಕ್ಕಸ ಬರಿದಾದ ದಿನ ಮಾತ್ರ ತುಟಿ ಬಿಚ್ಚಲಿಲ್ಲ. ಕದ್ದವನು ಅದಕ್ಕೆ ದಿನಾ ನಮಸ್ಕಾರ ಹೇಳಿ ಹೋಗುವ ಮನುಷ್ಯನಾಗಿದ್ದ.

ಅಜ್ಜಿಯ ತೊಡೆಯ ಮೇಲೆ ಮಲಗಿ ಈ ಕತೆ ಕೇಳಿದ್ದ ಹುಡುಗಿ ಬೆಳೆದು ಪೊಲೀಸ್ ಠಾಣೆಯಲ್ಲಿ ಮುಖ್ಯಪೇದೆಯಾದಳು. ಕತೆ ಮರೆತೂ ಹೋಗಿತ್ತು.

14ನೇ ತಾರೀಖು, ಮಂಗಳವಾರ, ಸಂಜೆ 4 ಗಂಟೆ 18 ನಿಮಿಷಕ್ಕೆ ಠಾಣೆಗೆ ರೈಲು ನಿಲ್ದಾಣದಿಂದ ಫೋನ್ ಬಂತು.

"ಬೇಗ ಬನ್ನಿ. ಒಬ್ಬ ಕರಿಯ, ದಾಂಡಿಗ, ವಯಸ್ಸಾದೋರನ್ನ ಮೆಟ್ಟಿಲಿಂದ ತಳ್ಳಿದ್ದಾನೆ."

"ಯಾರು ನೋಡಿದ್ದು?"

"ಎಲ್ರೂ ನೋಡಿದ್ದಾರೆ, ಬನ್ನಿ!"

4.31ಕ್ಕೆ ಮುಖ್ಯಪೇದೆ ಇಬ್ಬರು ಪೇದೆಗಳೊಂದಿಗೆ ನಿಲ್ದಾಣ ತಲುಪಿದಳು. ಮೇಲ್ಸೇತುವೆಯ ಮೆಟ್ಟಿಲಿನಿಂದ ಬಿದ್ದ ನಿವೃತ್ತ ನರ್ಸಮ್ಮನನ್ನು ಆಗಲೇ ಆಂಬುಲೆನ್ಸಿನಲ್ಲಿ ಒಯ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಮೆಟ್ಟಿಲ ಮೇಲೆ ಒಂದು ಊರುಗೋಲು, ಒಂದು ಕಾಲಿನ ಬೂಟು. ಜನ ಅರ್ಧಚಂದ್ರಾಕಾರವಾಗಿ ನಿಂತು ನಿಲ್ದಾಣದ ದೊಡ್ಡ ಹಾಲ್‌ನ ಗೋಡೆಯತ್ತ ಬೆರಳು ತೋರಿಸುತ್ತಿದ್ದರು.

ಅಲ್ಲಿ, ದೊಡ್ಡ ಗಡಿಯಾರದ ಕೆಳಗೆ, ಆರಡಿ ಮೀರಿದ ಕಪ್ಪು ವರ್ಣದ ಮನುಷ್ಯನೊಬ್ಬ ಚಿಕ್ಕ ಪುಸ್ತಕ ಹಿಡಿದು ನಿಂತಿದ್ದ. ಬೂದು ಬಣ್ಣದ ಕೆಲಸದಂಗಿ. ಸೊಂಟಕ್ಕೆ ಕೀಲಿಗೊಂಚಲು. ಅವನ ಮುತ್ತಜ್ಜ ಹುಟ್ಟಿದ್ದು ಅದೇ ಊರಿನಲ್ಲಿ. ಆದರೂ ವಾರಕ್ಕೊಬ್ಬರು ಅವನನ್ನು "ಯಾವೂರಿಂದ ಬಂದೆ?" ಎಂದು ಕೇಳುತ್ತಿದ್ದರು.

"ಇಲ್ಲೇನು ಮಾಡ್ತಿದ್ದೀಯ?"

"ಗಡಿಯಾರ ನೋಡ್ತಿದ್ದೀನಿ ಮೇಡಂ. ರಿಪೇರಿ ಗುತ್ತಿಗೆ ನನ್ನದು. ಕಾಗದ ಇದೆ."

ಅವನ ಕೈ ಜೇಬಿಗೆ ಹೋಯಿತು. ಮುಖ್ಯಪೇದೆಯ ಕೈ ಲಾಠಿಗೆ ಹೋಯಿತು. ಕಾಗದ ಹೊರಬರುವಷ್ಟರಲ್ಲಿ ಒಬ್ಬ ಪೇದೆ ಅವನ ತೋಳು ತಿರುಚಿದ್ದ, ಅವಳು ಕೈಕೋಳ ತೊಡಿಸಿದ್ದಳು. ಹಿಂದಿನ ವಾರ ಚಾಕು ಸಮೇತ ಸಿಕ್ಕ ಜೇಬುಗಳ್ಳನಿಗೆ ಅವಳು ಕೈಕೋಳ ಹಾಕಿರಲಿಲ್ಲ. ಅದು ನೆನಪಾದದ್ದು ಆಮೇಲೆ.

ಹಾಲಿನುದ್ದಕ್ಕೂ ಅವನನ್ನು ನಡೆಸಿಕೊಂಡು ಹೋದರು. ಚಪ್ಪಾಳೆ ಬಿತ್ತು. 5.40ಕ್ಕೆ ಎಫ್‌ಐಆರ್ ದಾಖಲಾಯಿತು. ಪಂಚನಾಮೆಯಲ್ಲಿ ಅವಳೇ ಬರೆದಳು: "ಆರೋಪಿಯು ಅನುಮಾನಾಸ್ಪದವಾಗಿ ನಿಂತಿದ್ದನು."

ಬುಧವಾರ ಬೆಳಗ್ಗೆ ಇನ್‌ಸ್ಪೆಕ್ಟರ್ ಹನ್ನೊಂದು ಸಾಕ್ಷಿಗಳ ಹೇಳಿಕೆ ಓದಿ ಕನ್ನಡಕ ತೆಗೆದರು.

"ಹನ್ನೊಂದು ಜನ, ಏಳು ಬಣ್ಣದ ಅಂಗಿ. ಇವನೇನು ಬಟ್ಟೆ ಅಂಗಡಿ ಹೊತ್ಕೊಂಡು ಓಡಾಡ್ತಿದ್ನಾ?"

"ಗಾಬರೀಲಿ ಹೇಳಿರ್ತಾರೆ ಸರ್."

"ಅಂಗಿ ಮಾತ್ರ ಗಾಬರೀಲಿ ಮರ್ತೋಯ್ತು, ಮೈಬಣ್ಣ ಎಲ್ರಿಗೂ ನೆನಪಿದೆ. ಇನ್ನೊಂದ್ಸಲ ಹೋಗಿ ನೋಡ್ಕೊಂಡು ಬಾರಮ್ಮ."

ಠಾಣೆಯ ಬಾಗಿಲಲ್ಲಿ ಆರೋಪಿಯ ಹೆಂಡತಿ ಒಗೆದ ಅಂಗಿ ಹಿಡಿದು ಕೂತಿದ್ದಳು. ಜಗಳಕ್ಕೆ ಬಂದವಳಲ್ಲ. ದನಿ ಕೂಡ ಏರಿಸಲಿಲ್ಲ.

"ಕೈ ಜೇಬಲ್ಲಿ ಇಟ್ಕೋಬೇಡ, ಕೀಲಿ ಸದ್ದು ಮಾಡ್ತಾ ನಡಿ, ಹಿಂದೆ ಬರ್ತಿರೋದು ಜನಕ್ಕೆ ಗೊತ್ತಾಗ್ಲಿ ಅಂತ ದಿನಾ ಹೇಳಿ ಕಳಿಸ್ತೀನಿ ಅಕ್ಕಾ. ಮಗಳು ಅದನ್ನ ಬಾಯಿಪಾಠ ಮಾಡ್ಕೊಂಡಿದ್ದಾಳೆ. ಇನ್ನೇನು ಹೇಳ್ಬೇಕಿತ್ತು ನಾನು?"

ಮುಖ್ಯಪೇದೆ ಕೈ ಚಾಚಿದಳು. ಅಂಗಿ ಇಸಿದುಕೊಂಡು ಲಾಕಪ್ಪಿಗೆ ಹೋದಳು.

"ಆ ಹೊತ್ತಲ್ಲಿ ನೀನು ಮೇಲ್ಸೇತುವೆ ಹತ್ತಿದ್ಯಾ?"

"ಹತ್ತಬೇಕಿತ್ತು. ಏಣಿ ಆ ಕಡೆ ಪ್ಲಾಟ್‌ಫಾರಮ್ಮಲ್ಲಿತ್ತು. ಆದ್ರೆ ಆ ನರ್ಸಮ್ಮ ಕೋಲೂರಿಕೊಂಡು ಹತ್ತೋಕೆ ಶುರು ಮಾಡಿದ್ರು. ಹೆಂಗಸರು ಮುಂದಿದ್ರೆ ನಾನು ಹಿಂದೆ ಹತ್ತಲ್ಲ ಮೇಡಂ. ಹೆದರ್ತಾರೆ. ಅವರು ಹತ್ತಿ ಮುಗಿಸಲಿ ಅಂತ ಮೆಟ್ಟಿಲಿಗೆ ಬೆನ್ನು ಮಾಡಿ ಗಡಿಯಾರ ನೋಡ್ತಾ ನಿಂತೆ."

"ಯಾರೂ ಕಾಣಲಿಲ್ವಾ?"

"ಬೆನ್ನ ಹಿಂದೆ ಯಾರೋ ಓಡಿದ್ರು. ತಿರುಗಲಿಲ್ಲ. ನಾನು ದಿಟ್ಟಿಸಿ ನೋಡಿದ್ರೂ ತಪ್ಪೇ ಅಲ್ವಾ? ಜನ ನನ್ನ ಕಡೆ ಬೆರಳು ತೋರಿಸಿದಾಗ್ಲೂ ಅಲ್ಲಾಡಲಿಲ್ಲ, ಓಡಿದ್ರೆ ನಾನೇ ಅಂತಿದ್ರು. ನನ್ನ ಪುಸ್ತಕ ನೋಡಿ, ಎಲ್ಲಾ ಬರೆದಿದ್ದೀನಿ."

ಜಪ್ತಿ ಮಾಡಿದ ಪುಸ್ತಕವನ್ನು ಅವಳು ಬಿಚ್ಚಿದಳು. ದೊಡ್ಡ ಗಡಿಯಾರ ದಿನಕ್ಕೆಷ್ಟು ಹಿಂದೆ ಬೀಳುತ್ತದೆಂದು ತಿಳಿಯಲು ಅವನು ತನ್ನ ಕೈಗಡಿಯಾರ, ರೈಲಿನ ಘೋಷಣೆ ಎರಡನ್ನೂ ಹೋಲಿಸಿ ಗುರುತು ಹಾಕಿಕೊಳ್ಳುತ್ತಿದ್ದ. ಮಂಗಳವಾರದ ಸಾಲು ಹೀಗಿತ್ತು: "4.10ರ ಘೋಷಣೆ ಬರಲಿಲ್ಲ. 4.13ಕ್ಕೆ ಬಂತು. ಏದುಸಿರು."

ಆ ಘೋಷಣೆಯ ದನಿಯನ್ನು ಊರಿಗೆ ಊರೇ ಬಲ್ಲದು. ಇಪ್ಪತ್ತೆರಡು ವರ್ಷದಿಂದ ಮೈಕಿನ ಮುಂದೆ ಕೂತಿದ್ದ ಘೋಷಕನನ್ನು ಮಕ್ಕಳೆಲ್ಲ ಮೈಕ್ ಮಾವ ಎಂದೇ ಕರೆಯುತ್ತಿದ್ದರು. ಅವನ ಕೊಠಡಿ ಮೇಲ್ಸೇತುವೆಯ ಆಚೆ ತುದಿಯಲ್ಲಿತ್ತು.

11.20ಕ್ಕೆ ಅವಳು ಮತ್ತೆ ಮೆಟ್ಟಿಲ ಬುಡದಲ್ಲಿ ನಿಂತಳು. ಮೆಟ್ಟಿಲು ನಡುವೆ ಗೋಡೆಯ ಹಿಂದಕ್ಕೆ ತಿರುಗುತ್ತದೆ. ನರ್ಸಮ್ಮ ಬಿದ್ದದ್ದು ಆ ತಿರುವಿನ ಆಚೆ. ಹಾಲಿನಲ್ಲಿ ಎಲ್ಲಿ ನಿಂತರೂ ಅದು ಕಾಣದು. ಹಾಗಾದರೆ ಹನ್ನೊಂದು ಜನ ನೋಡಿದ್ದು ಏನನ್ನು?

"ನೀವು ಕಣ್ಣಾರೆ ಕಂಡ್ರಾ?" ಪತ್ರಿಕೆ ಮಾರುವವಳನ್ನು ಕೇಳಿದಳು.

"ಕಂಡ ಹಾಗೇ. ಕಾಫಿಯವನು ಹೇಳ್ದ."

ಕಾಫಿಯವನು ಹಮಾಲನನ್ನು ತೋರಿಸಿದ. ಹಮಾಲ ತಲೆ ಕೆರೆದುಕೊಂಡ.

"ಅಯ್ಯೋ ಮೇಡಂ, ಮೈಕಲ್ಲೇ ಹೇಳಿದ್ರಲ್ಲ! ಎತ್ತರದ ಕಪ್ಪು ವ್ಯಕ್ತಿ ಹೆಂಗಸನ್ನ ತಳ್ಳಿದ್ದಾನೆ, ಹುಷಾರು ಅಂತ. ನೋಡ್ತೀವಿ, ನಿಂತೇ ಇದ್ದಾನೆ ಗಡವ!"

ಹನ್ನೊಂದು ದಾರಿಗಳೂ ಒಂದೇ ಬಾಯಿಗೆ ಹೋಗಿ ಸೇರಿದವು. ಘೋಷಣೆಯ ವಹಿಯಲ್ಲಿ "4.10, ಸಮಯಕ್ಕೆ ಸರಿಯಾಗಿ" ಎಂದು ಬರೆದಿತ್ತು. ನಿಯಂತ್ರಣ ಕೊಠಡಿಯ ಧ್ವನಿಮುದ್ರಿಕೆಯಲ್ಲಿ 4.13 ಇತ್ತು, ಏದುಸಿರೂ ಇತ್ತು. ಎರಡನ್ನೂ ಅವಳು ಜಪ್ತಿ ಮಾಡಿದಳು.

ಗುರುವಾರ ಬೆಳಗ್ಗೆ 9.15ಕ್ಕೆ ಆಸ್ಪತ್ರೆಯಲ್ಲಿ ನರ್ಸಮ್ಮನಿಗೆ ಮಾತಾಡಲು ವೈದ್ಯರು ಅನುಮತಿ ಕೊಟ್ಟರು.

"ಮುಖ ಕಾಣಲಿಲ್ಲಮ್ಮ, ಹಿಂದಿನಿಂದ ಬಂದ. 'ದಾರಿ ಬಿಡಿ, ದಾರಿ ಬಿಡಿ' ಅಂದ. ದಿನಾ ಕೇಳೋ ದನಿ. ಕನಸೇನೋ ಅಂದ್ಕೊಂಡೆ. ನಮ್ಮ ಮೈಕಿನವರು ಯಾಕೆ ತಳ್ತಾರೆ?"

10.50ಕ್ಕೆ ಇನ್‌ಸ್ಪೆಕ್ಟರ್ ಮುಖ್ಯಪೇದೆಯೊಂದಿಗೆ ಘೋಷಕನ ಕೊಠಡಿಗೆ ಹೋಗಿ ಬಾಗಿಲು ಮುಂದೆ ಮಾಡಿದರು. ಧ್ವನಿಮುದ್ರಿಕೆ ಕೇಳಿಸಿದರು.

"ಎಲ್ಲಿಂದ ಓಡಿ ಬಂದ್ರಿ?"

ಅವನು ಮೈಕಿನ ಗುಂಡಿ ಆರಿಸಿದ.

"ಮನೆಯಿಂದ. ಹೆಂಡತಿಗೆ ಮೈ ಸ್ವಾಧೀನ ಇಲ್ಲ. ನಾಲ್ಕಕ್ಕೆ ಮಗ್ಗುಲು ತಿರುಗಿಸಿ ಮಾತ್ರೆ ಕೊಡಬೇಕು. ತಡ ಮಾಡಿದ್ದಕ್ಕೆ ಎರಡು ನೋಟಿಸ್ ಬಂದಿದ್ವು. ಮೂರನೇದು ಬಂದ್ರೆ ಕೆಲಸ ಹೋಗ್ತಿತ್ತು, ರೈಲ್ವೆಯವರು ಕೊಟ್ಟ ಮನೇನೂ ಹೋಗ್ತಿತ್ತು. ಆಯಮ್ಮ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ರು. ಪಕ್ಕಕ್ಕೆ ಸರಿಸಿದೆ ಅಷ್ಟೆ. ಬಿದ್ದ ಸದ್ದು ಕೇಳಿಸ್ತು. ನಿಲ್ಲಲಿಲ್ಲ."

"ಅವನ ಮೇಲೆ ಯಾಕೆ ಹಾಕಿದ್ರಿ?" ಮುಖ್ಯಪೇದೆ ಕೇಳಿದಳು.

"ಕಿಟಕಿಯಿಂದ ಕಂಡ. ಯಾರು, ಏನು, ಗೊತ್ತಿರಲಿಲ್ಲ. ಗೊತ್ತಿರಬೇಕು ಅಂತಾನೂ ಇರಲಿಲ್ಲ. ನಾನು ಸುಳ್ಳು ಹೇಳಿದ್ದು ಒಂದೇ ಸಲ ಮೇಡಂ. ಮಿಕ್ಕ ಹನ್ನೊಂದು ಸಲ ಅವರವರೇ ಹೇಳ್ಕೊಂಡ್ರು."

ಹನ್ನೆರಡನೆಯದು ತನ್ನ ಕೈಬರಹದಲ್ಲಿ ಪಂಚನಾಮೆಯೊಳಗಿದೆ ಎಂದು ಅವಳಿಗೆ ಗೊತ್ತಿತ್ತು. ಮರೆತುಹೋಗಿದ್ದ ಕತೆಯ ಆ ಕಾವಲಿನ ಹೆದರಿಕೆ ನೆನಪಾಯಿತು. ಅಜ್ಜಿ ಅದಕ್ಕೆ ಸಮವಸ್ತ್ರ ತೊಡಿಸುವುದನ್ನು ಮರೆತಿದ್ದಳು.

11.35ಕ್ಕೆ ಘೋಷಕನನ್ನು ದಸ್ತಗಿರಿ ಮಾಡಲಾಯಿತು. ನರ್ಸಮ್ಮನ ಸೊಂಟ ಮುರಿದದ್ದು ಅವನ ಅವಸರ, ನಿರಪರಾಧಿಗೆ ಕೋಳ ಬಿದ್ದದ್ದು ಅವನ ಹೆದರಿಕೆ. ಆ ಹೆದರಿಕೆ ಕೇಳುವ ಮೊದಲೇ ಊರಿನ ಹೆದರಿಕೆ ಅದಕ್ಕೆ ಸಾಲ ಕೊಟ್ಟಿತ್ತು. ಹೊರಡುವಾಗ ಅವನು ಒಂದೇ ಮಾತು ಕೇಳಿದ: "ಇವತ್ತು ನಾಲ್ಕಕ್ಕೆ ಅವಳನ್ನ ಯಾರು ತಿರುಗಿಸ್ತಾರೆ?" ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಫೋನ್ ಮಾಡಿ ವ್ಯವಸ್ಥೆ ಮಾಡಿದರು.

ಮಧ್ಯಾಹ್ನ ಬಿಡುಗಡೆಯ ಆದೇಶ ಬಂತು. ಗಡಿಯಾರದವನು ಸಹಿ ಹಾಕಿ ಮುಖ್ಯಪೇದೆಯನ್ನು ಕೇಳಿದ, "ಹಿಂಬಾಗಿಲಿಂದಾನಾ?"

"ಯಾಕೆ ಹಾಗಂತೀರಿ?"

"ಹಿಡಿಯೋವಾಗ ಮುಂಬಾಗಿಲು, ಬಿಡೋವಾಗ ಹಿಂಬಾಗಿಲು. ನಿಲ್ದಾಣದವರು ಗುತ್ತಿಗೆ ಕಿತ್ಕೊಂಡಿದ್ದಾರಂತೆ. ಇನ್ನು ಆ ಹಾಲಿಗೆ ಹೇಗೆ ಕಾಲಿಡ್ಲಿ? ಮಗಳು ಶಾಲೆಗೆ ಹೋಗೋದೂ ಅದೇ ದಾರೀಲಿ."

"ಕರ್ಕೊಂಡು ಬಂದ ದಾರೀಲೇ ವಾಪಸ್ ಕರ್ಕೊಂಡು ಹೋಗ್ತೀನಿ. ಸುಳ್ಳು ಯಾವ ಮೈಕಿಂದ ಹೊರಟಿತೋ ಅದೇ ಮೈಕಿಂದ ನಿಜಾನೂ ಹೊರಡುತ್ತೆ. ಇದು ನನ್ನ ಮಾತು."

ನಿಲ್ದಾಣದ ಅಧಿಕಾರಿ ಮೊದಲು ಗೊಣಗಿದ. ಇನ್‌ಸ್ಪೆಕ್ಟರ್ ಫೋನಿನಲ್ಲಿ ಎರಡು ಮಾತಾಡಿದ ಮೇಲೆ ಗುತ್ತಿಗೆಯ ಕಾಗದ ವಾಪಸ್ ಬಂತು.

3.50ಕ್ಕೆ ಇಬ್ಬರೂ ಹಾಲಿಗೆ ಬಂದರು. ಜನ ದಾರಿ ಬಿಟ್ಟರು, ಬೇಕಾದ್ದಕ್ಕಿಂತ ಹೆಚ್ಚೇ ಬಿಟ್ಟರು. ಒಬ್ಬಾಕೆ ಕೈಚೀಲವನ್ನು ಎದೆಗವಚಿಕೊಂಡಳು. ಮೆಟ್ಟಿಲ ಬುಡದಲ್ಲಿ ಅವನು ನಿಂತುಬಿಟ್ಟ. ಮುಂದೆ ಹೆಂಗಸೊಬ್ಬಳು ಹತ್ತುತ್ತಿದ್ದಳು.

"ನಡೀರಿ, ನಾನಿದ್ದೀನಲ್ಲ."

"ಇವತ್ತು ನೀವಿದ್ದೀರಿ. ಅವರು ಹತ್ತಿ ಮುಗಿಸಲಿ."

ಮುಖ್ಯಪೇದೆಯೂ ಅವನ ಪಕ್ಕದಲ್ಲಿ ನಿಂತಳು. ಕಾಯುವುದು ಇಷ್ಟು ಉದ್ದವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

4ಕ್ಕೆ ಮೈಕಿನಲ್ಲಿ ಅವಳ ದನಿ ಕೇಳಿಸಿತು. "ಪ್ರಯಾಣಿಕರ ಗಮನಕ್ಕೆ. ಮಂಗಳವಾರ ಇಲ್ಲಿ ಗಡಿಯಾರದ ಕೆಳಗೆ ನಿಂತಿದ್ದವರು ಯಾವ ತಪ್ಪನ್ನೂ ಮಾಡಿಲ್ಲ. ಅವರು ಕೆಲಸ ಮಾಡುತ್ತಿದ್ದರು. ತಪ್ಪು ಮಾಡಿದ್ದು ನಾವು. ಕೈಕೋಳ ಹಾಕಿದ್ದು ನಾನು." ಎರಡು ಸಲ ಹೇಳಿದಳು. ಚಪ್ಪಾಳೆ ಬೀಳಲಿಲ್ಲ. ಹಮಾಲನೊಬ್ಬ ಟೋಪಿ ತೆಗೆದ. ಕಾಫಿಯವನು ಲೋಟ ತೊಳೆಯುತ್ತಲೇ ಇದ್ದ.

ಅವನು ಆ ಕಡೆ ಪ್ಲಾಟ್‌ಫಾರಮ್ಮಿನಿಂದ ತಂದ ಏಣಿಯನ್ನು ಗಡಿಯಾರದ ಗೋಡೆಗೊರಗಿಸಿದ. ಅವಳು ಕೆಳಗಿಳಿದು ಬಂದು, ಸಮವಸ್ತ್ರದಲ್ಲೇ, ಎರಡೂ ಕೈಯಿಂದ ಏಣಿ ಹಿಡಿದು ನಿಂತಳು. ಮೇಲೆ ಗಾಜಿನ ಬಾಗಿಲು ತೆರೆದ ಸದ್ದಾಯಿತು. ಒಳಗಿನದೇನೋ ತಿರುಗಿತು, ಬಿಗಿಯಾಯಿತು. ಆಮೇಲೆ ದೊಡ್ಡ ಮುಳ್ಳು ಎಲ್ಲರ ಕಣ್ಣೆದುರೇ ನಾಲ್ಕು ನಿಮಿಷ ಮುಂದೆ ಸರಿದು ಸರಿಯಾದ ಹೊತ್ತಿಗೆ ಬಂದು ನಿಂತಿತು.