ಮಾವನ ಕೈವಾರ

“ನೀನೇ ದೊಡ್ಡ ಮನಸ್ಸು ಮಾಡ್ಬೇಕಮ್ಮಾ...” ಎಂದಳು ಅತ್ತೆ. ಹನ್ನೊಂದು ವರ್ಷದ ಹಿಂದೆ ‘ಕಳ್ಳಿ’ ಎಂದು ಬೀದಿಗೆಲ್ಲ ಕೇಳುವಂತೆ ಅರಚಿದ್ದ ಬಾಯಿ ಅದೇ! ಅಂದು ಸೊಸೆಯ ಬಟ್ಟೆ, ಪಾತ್ರೆ, ಹಾಸಿಗೆಯನ್ನೆಲ್ಲ ಹೊಸಿಲಾಚೆ ಎಸೆದಿದ್ದ ಕೈಗಳು ಇಂದು ಸಂಗ್ರಹಾಲಯದ ರಿಪೇರಿ ಕೋಣೆಯಲ್ಲಿ ಮರದ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡಿದ್ದವು. ಪಕ್ಕದಲ್ಲಿ ಅವಳ ಮಗ, ಸೊಸೆಯ ಗಂಡನೆನಿಸಿಕೊಂಡವನು, ನೆಲ ನೋಡುತ್ತ ನಿಂತಿದ್ದ. ಅಂದೂ ಹೀಗೇ ನಿಂತಿದ್ದನಲ್ಲ, ಮಹಾಶಯ!

ಆ ಸೊಸೆಯೇ ಈಗ ಇಲ್ಲಿ ಹಳೆಯ ನಕ್ಷೆ ಉಪಕರಣಗಳನ್ನು ಪರೀಕ್ಷಿಸುವವಳು. ಎರಡು ಕಂಚಿನ ಕಡ್ಡಿಗಳನ್ನು ಒಂದೇ ಮೊಳೆಯಿಂದ ಬಿಗಿದ ಆದಿಕಾಲದ ಕೈವಾರದಿಂದ ಹಿಡಿದು, ಕಾಲು ಬಿಚ್ಚಿ ಶಾಯಿಯ ನಿಬ್ಬಿನ ಮುಳ್ಳು ಜೋಡಿಸುವ ಕೈವಾರದವರೆಗೆ ಎಲ್ಲದರ ಚರಿತ್ರೆ ಹೊರಗಿನ ಗಾಜಿನ ಪೆಟ್ಟಿಗೆಗಳಲ್ಲಿತ್ತು. ಪ್ರತಿಯೊಂದರ ಪಕ್ಕದಲ್ಲೂ ಒಂದು ಚೀಟಿ: ಯಾರದು, ಅದರ ಕಥೆಯೇನು. ನಕ್ಷೆಗಾರರಾಗಿದ್ದ, ಅವಳಿಗೂ ಗೆರೆ ಎಳೆಯುವುದನ್ನು ಕಲಿಸಿದ್ದ ಮಾವನ ಉಪಕರಣದ ಪೆಟ್ಟಿಗೆಯೂ ಅಲ್ಲಿ ಸೇರಬೇಕು, ಕಣ್ಣು ಮುಚ್ಚುವ ಮೊದಲು ಅವರ ಹೆಸರನ್ನು ಅಲ್ಲಿ ಓದಬೇಕು ಎನ್ನುವುದು ಅತ್ತೆಯ ಕೊನೆಯ ಆಸೆ. ಪೆಟ್ಟಿಗೆ ಪೂರ್ತಿಯಾಗಿದ್ದರೆ ಮಾತ್ರ ಸಂಗ್ರಹಾಲಯ ತೆಗೆದುಕೊಳ್ಳುತ್ತಿತ್ತು. ಪೂರ್ತಿಯಿದೆ ಎಂದು ಸಹಿ ಹಾಕಬೇಕಾದವಳು ಸೊಸೆ!

ಆಹಾ, ಈ ದಿನಕ್ಕಾಗಿ ಅವಳು ಹಲ್ಲು ಕಚ್ಚಿ ಕಾದಿದ್ದಳು! ಸಹಿ ಹಾಕುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಬೇಕು ಎಂದುಕೊಳ್ಳುತ್ತಲೇ ಮುಚ್ಚಳ ತೆರೆದಳು. ನೀಲಿ ಮಖಮಲ್ಲಿನ ಮೇಲೆ ಆ ಕೈವಾರವೇ ಮಲಗಿತ್ತು! ಮಾವ ತೀರಿಕೊಂಡ ವಾರದಲ್ಲೇ ಕಾಣೆಯಾಗಿದ್ದು ಇದೇ, ಅವಳೇ ಕದ್ದು ಮಾರಿದಳೆಂದು ಮನೆ ಬಿಡಿಸಿದ್ದು ಇದಕ್ಕೇ...

“ಇದೆಲ್ಲಿ ಸಿಕ್ತು?”

“ಅಟ್ಟದಲ್ಲಿ, ಹಳೇ ಟ್ರಂಕಿನ ತಳದಲ್ಲಿ. ಮೊನ್ನೆ ಇವನೇ ತೆಗೆದ. ನಿನ್ನ ಮಾವನೇ ಇಟ್ಟು ಮರೆತಿದ್ರೇನೋ... ನಂದು ತಪ್ಪಾಯ್ತಮ್ಮ.”

ತಪ್ಪಾಯ್ತಂತೆ! ಜಾತ್ರೆಯ ನೂಕುನುಗ್ಗಲಲ್ಲಿ ಯಾರದೋ ಕಾಲು ತುಳಿದವರ ಹಾಗೆ! ಅವಳು ಕೈವಾರದ ಕಾಲುಗಳನ್ನು ಅಗಲಿಸಿದಳು. ಸಲೀಸಾಗಿ ತೆರೆದುಕೊಂಡಿತು. ಅಷ್ಟು ವರ್ಷ ಟ್ರಂಕಿನಲ್ಲಿ ಬಿದ್ದಿದ್ದರೆ ಕೀಲು ಕಿಲುಬು ಹಿಡಿದು ಬಿಗಿದುಹೋಗಿರಬೇಕಿತ್ತು. ಇದಕ್ಕೆ ಯಾರೋ ಬಿಡದೆ ಎಣ್ಣೆ ಹಾಕಿದ್ದರು. ಭೂತಗನ್ನಡಿ ಹಿಡಿದು ಶಾಯಿಯ ಮುಳ್ಳು ನೋಡಿದಳು. ಬಲಗೈಯವರು ಕೈವಾರವನ್ನು ಒಂದು ಕಡೆಗೆ ತಿರುಗಿಸಿದರೆ ಎಡಗೈಯವರು ಅದರ ಎದುರು ಕಡೆಗೆ ತಿರುಗಿಸುತ್ತಾರೆ; ಮುಳ್ಳು ಸವೆಯುವುದೂ ಹಾಗೆಯೇ. ಮಾವನದು ಬಲಗೈ, ತನ್ನದೂ ಬಲಗೈ. ಹೊಸ ಸವೆತ ಎಡಗೈಯದು. ಆ ಮನೆಯಲ್ಲಿ ಎಡಗೈಯವನು ಒಬ್ಬನೇ.

“ಎಷ್ಟು ವರ್ಷದಿಂದ ಇದರಲ್ಲಿ ಕೆಲಸ ಮಾಡ್ತಿದ್ದೀರಿ?” ಎಂದು ಗಂಡನನ್ನು ಕೇಳಿದಳು.

“ನಾನಾ? ಏನೇನೋ ಹೇಳ್ಬೇಡ...”

“ಸಾಕು ಮಾಡಿ ನಾಟಕ! ಅತ್ತೆ, ಈ ಮುಳ್ಳು ಎಡಗೈಯಲ್ಲಿ ತಿರುಗಿಸಿ ಸವೆದಿದೆ. ಇದು ಅಟ್ಟದಲ್ಲಿರಲಿಲ್ಲ. ನಿಮ್ಮ ಮಗನ ಹತ್ತಿರ ಇತ್ತು.”

ಅವನು ತಲೆಯೆತ್ತಿದ. “ಅಪ್ಪ ಒಂದು ದಿನವಾದ್ರೂ ನನ್ನ ಗೆರೆ ಚೆನ್ನಾಗಿದೆ ಅಂದ್ರಾ? ಯಾವಾಗ್ಲೂ ಸೊಸೆ ಕೈ, ಸೊಸೆ ಕೈ! ಅದಕ್ಕೇ ಆಫೀಸಲ್ಲಿ ಬಚ್ಚಿಟ್ಕೊಂಡೆ... ಅಮ್ಮ ನಿನ್ನ ಹೊರಗೆ ಹಾಕ್ತಾಳೆ ಅಂತ ನನಗೇನು ಗೊತ್ತು!”

“ಹಾಕಿದ ಮೇಲಂತೂ ಗೊತ್ತಾಯ್ತಲ್ಲ!”

ಇಷ್ಟು ವರ್ಷ ಅತ್ತೆಗೆ ಶಾಪ ಹಾಕಿದ್ದ ಅವಳ ಹೊಟ್ಟೆಯ ಉರಿಯೆಲ್ಲ ಈಗ ಇವನತ್ತ ತಿರುಗಿತು. ಖಾಲಿ ಚೀಟಿಯನ್ನೂ ಪೆನ್ನನ್ನೂ ಅವನ ಮುಂದೆ ತಳ್ಳಿದಳು.

“ಸಹಿ ಹಾಕ್ತೀನಿ. ಚೀಟಿ ಮಾತ್ರ ನೀವು ಬರೀಬೇಕು. ಮೇಲೆ ಮಾವನ ಹೆಸರು. ಕೆಳಗೆ, ‘ಇದನ್ನು ಕದ್ದವನು ಮಗ, ಕಳ್ಳಿ ಎನಿಸಿಕೊಂಡವಳು ಸೊಸೆ.’”

“ಜನ ಓದ್ತಾರೆ ಕಣೇ!”

“ಓದ್ಲಿ ಅಂತಲೇ ಹೇಳ್ತಿರೋದು. ನನ್ನ ಹಾಸಿಗೆ ಬೀದಿಗೆ ಬಿದ್ದಾಗ್ಲೂ ಜನ ನೋಡಿದ್ರು.”

ಅವನು ತಾಯಿಯ ಕಡೆ ತಿರುಗಿದ, ಚಿಕ್ಕಂದಿನಿಂದಲೂ ತಿರುಗುತ್ತಿದ್ದ ಹಾಗೆ. ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕುತ್ತಿದ್ದ ಅತ್ತೆ ಕೈ ಕೆಳಗಿಳಿಸಿದಳು.

“ಬರಿಯೋ! ಅದರ ಕೆಳಗೆ ಇನ್ನೊಂದು ಸೇರಿಸು... ‘ವಿಚಾರಿಸದೆ ಬೀದಿಗೆ ತಳ್ಳಿದವಳು ಅತ್ತೆ.’ ಬರಿ!”

ಅವನು ಬರೆದ. ಸೊಸೆ ಸಹಿ ಹಾಕಿ, ಶಾಯಿ ಆರುವವರೆಗೆ ಕಾದು, ಚೀಟಿಯನ್ನು ಕೈವಾರದ ಪಕ್ಕ ಇಟ್ಟಳು. ಒಂದು ಮಾತಿಗಾಗಿ ಅತ್ತೆ ಅವಳ ಮುಖವನ್ನೇ ನೋಡುತ್ತ ನಿಂತಿದ್ದಳು.

“ಕೂತ್ಕೊಳ್ಳಿ ಅತ್ತೆ, ಕಾಲು ನೋಯುತ್ತೆ,” ಎಂದು ಕುರ್ಚಿ ಎಳೆದು ಹಾಕಿದಳು. ಕ್ಷಮಿಸಿದೆ ಎಂದು ಮಾತ್ರ ಹೇಳಲಿಲ್ಲ.